ಇಷ್ಟು ಸಣ್ಣದಕ್ಕೆ ಯಾಕೆ ಹೆದರ್ತೀಯಾ ಅಂತ ಕೇಳುವ ಮುಂಚೆ

"ಅದೆಲ್ಲಾ ಮುಗಿದುಹೋದ ಕತೆ ಅಲ್ವಾ, ಈಗ್ಯಾಕೆ ಮತ್ತೆ ಶುರು ಮಾಡ್ತೀಯಾ?" ಆತಂಕದಿಂದ ಒದ್ದಾಡುವವರಿಗೆ ಈ ಮಾತು ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ಕೋಪದಲ್ಲಿ ಹೇಳ್ತಿಲ್ಲ. ಇಲಿಗಳ ಮೇಲೆ ನಡೆದಿರುವ ಕೆಲವು ಪ್ರಯೋಗಗಳ ಬಗ್ಗೆ ಓದಿದ ಮೇಲೆ ಹೇಳಲೇಬೇಕು ಅನ್ನಿಸಿತು.

ಅಮೆರಿಕದ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಾನ್ ಶೆರಿಡನ್, ಜೊನಾಥನ್ ಗಾಡ್ಬೌಟ್ ಅವರ ತಂಡ ಮಾಡಿದ್ದು ಇದು. ಒಟ್ಟಿಗೆ ನೆಮ್ಮದಿಯಾಗಿದ್ದ ಗಂಡು ಇಲಿಗಳ ಪಂಜರಕ್ಕೆ ಜಗಳಗಂಟ ಇಲಿಯೊಂದನ್ನು ದಿನಕ್ಕೆ 2 ಗಂಟೆ ಬಿಟ್ಟರು. 6 ದಿನ ಹೀಗೇ. ಪ್ರತಿ ಸಲವೂ ಅದು ಉಳಿದವನ್ನೆಲ್ಲ ಕಚ್ಚಿ, ಅಟ್ಟಾಡಿಸಿ, ಸೋಲಿಸುತ್ತದೆ. ಆಮೇಲೆ ಈ ಇಲಿಗಳನ್ನು ಅರ್ಧ ಕತ್ತಲು, ಅರ್ಧ ಬೆಳಕಿರುವ ಪೆಟ್ಟಿಗೆಗೆ ಬಿಟ್ಟರೆ ಕತ್ತಲ ಕಡೆಯಿಂದ ಆಚೆ ಬರಲು ಹಿಂಜರಿಯುತ್ತವೆ. ಇಲಿಯ ಆತಂಕವನ್ನು ಅಳೆಯೋದು ಹೀಗೆ.

ಒಳಗೆ ಆಗೋದೇನು? ಹೆದರಿದ ಇಲಿಯ ನರಗಳಿಂದ ನಾರ್‌ಅಡ್ರಿನಲಿನ್ ಎಂಬ ಒತ್ತಡದ ರಾಸಾಯನಿಕ ಹೊರಬರುತ್ತದೆ. ಆ ಸಂದೇಶ ಮೂಳೆಮಜ್ಜೆಗೂ ಮುಟ್ಟುತ್ತದೆ. ಮಜ್ಜೆ ಮೊನೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಜಾಸ್ತಿ ಜಾಸ್ತಿ ತಯಾರಿಸಿ, ಇನ್ನೂ ಎಳಸಾಗಿರುವಾಗಲೇ ರಕ್ತಕ್ಕೆ ಬಿಡುತ್ತದೆ. ಅತ್ತ ಮಿದುಳಿನದೇ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಇವನ್ನು ಕರೆಸಿಕೊಳ್ಳುತ್ತವೆ. ಅಲ್ಲಿಗೆ ಹೋದ ಕಣಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಅಣುವನ್ನು ಬಿಡುತ್ತವೆ, ಮಿದುಳಿನ ರಕ್ತನಾಳಗಳ ಒಳಗೋಡೆ ಅದನ್ನು ಹಿಡಿದು ಸುದ್ದಿ ದಾಟಿಸುತ್ತದೆ. ಈ ಅಣುವನ್ನು ಹಿಡಿಯುವ ಗ್ರಾಹಕವೇ (ರಿಸೆಪ್ಟರ್) ಇಲ್ಲದ ಇಲಿಗಳಿಗೆ ಅಷ್ಟೇ ಏಟು ಬಿದ್ದರೂ ಆತಂಕ ಬರಲಿಲ್ಲ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಸುಮಾರು ಮೂರೂವರೆ ವಾರ ಬಿಟ್ಟರೆ ಇಲಿಗಳು ಮಾಮೂಲಿಯಾಗಿ ಓಡಾಡುತ್ತವೆ. ಆಗ ಒಂದೇ ಒಂದು ಸಲ ಜಗಳಗಂಟನನ್ನು ಒಳಗೆ ಬಿಟ್ಟರೆ ಸಾಕು, ಹಳೇ ಆತಂಕ ಪೂರ್ತಿ ವಾಪಸ್. ಮೊದಲ ಬಾರಿಗೆ ಏಟು ತಿನ್ನುವ ಇಲಿಗೆ ಅಷ್ಟರಿಂದ ಹಾಗಾಗುವುದಿಲ್ಲ. ಕಾರಣ ಸಿಕ್ಕಿದ್ದು ಗುಲ್ಮದಲ್ಲಿ, ಡಾಕ್ಟರುಗಳು ಸ್ಪ್ಲೀನ್ ಅಂತಾರಲ್ಲ, ಅದರಲ್ಲಿ. ಮೊದಲ ಸುತ್ತಿನ ಕಣಗಳು ಅಲ್ಲೇ ಉಳಿದುಕೊಂಡಿದ್ದವು, ಮತ್ತೆ ಏಟು ಬಿದ್ದಾಗ ಅಲ್ಲಿಂದ ಮಿದುಳಿಗೆ ಹೊರಟವು. ಗುಲ್ಮ ತೆಗೆದ ಇಲಿಗಳಲ್ಲಿ ಎರಡನೇ ಸಲದ ಆತಂಕ ಕಾಣಿಸಲಿಲ್ಲ.

ಇದನ್ನು ಓದುವಾಗ ನನ್ನ ಚಿಕ್ಕಮ್ಮನ ಮಗಳು ನೆನಪಾದಳು. ಬೆಳ್ಳಂದೂರಿನ ಒಂದು ಆಫೀಸಿನಲ್ಲಿ ಮ್ಯಾನೇಜರ್ ದಿನಾ ಎಲ್ಲರೆದುರು ಬೈದು ಅವಳನ್ನು ಹೈರಾಣ ಮಾಡಿದ್ದ. ಕೆಲಸ ಬಿಟ್ಟಳು, ಸುಧಾರಿಸಿಕೊಂಡಳು, ಬೇರೆ ಕಡೆ ಸೇರಿದಳು. ಹೊಸ ಬಾಸ್ ಒಂದು ದಿನ "ಕಾಲ್ ಮಿ" ಅಂತ ಸುಮ್ನೆ ಒಂದು ಮೆಸೇಜ್ ಹಾಕಿದ್ದಕ್ಕೆ ಅವಳ ಕೈ ನಡುಗಿ ಫೋನ್ ಕೆಳಗೆ ಬಿತ್ತು. "ಅಕ್ಕಾ, ನಂಗೇ ಗೊತ್ತಾಗ್ತಿಲ್ಲ ಯಾಕೆ ಹೀಗೆ ಅಂತ" ಅಂದಳು. ಅವಳ ಗುಲ್ಮದಲ್ಲಿ ಏನಿದೆಯೋ ನಾನು ಹೇಳಲಾರೆ. ಇಲಿಯೇ ಬೇರೆ, ಮನುಷ್ಯರೇ ಬೇರೆ. ಆದರೆ ಮೈ ಹಳೆಯದನ್ನು ಇಟ್ಟುಕೊಳ್ಳುತ್ತದೆ ಅನ್ನುವುದನ್ನು ಒಂದು ಇಲಿಯ ವಿಷಯದಲ್ಲಿ ನಂಬುವ ನಾವು ಮನೆಮಗಳ ವಿಷಯದಲ್ಲಿ ಯಾಕೆ ನಂಬಬಾರದು?

ನಮ್ಮ ಬೆಂಗಳೂರಿನಲ್ಲೇ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ, ಸುಮಂತ್ರ ಚಟರ್ಜಿ ಅವರ ತಂಡ 2004ರಲ್ಲಿ ಇಂಥದ್ದನ್ನೇ ಇನ್ನೊಂದು ದಾರಿಯಿಂದ ತೋರಿಸಿತ್ತು. 10 ದಿನ ಒತ್ತಡ ಅನುಭವಿಸಿದ ಹೆಗ್ಗಣಗಳಿಗೆ 21 ದಿನ ಬಿಡುವು ಕೊಟ್ಟರೂ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಮಿದುಳಿನ ಭಾಗದ ನರಕೋಶಗಳಲ್ಲಿ ಆದ ಬದಲಾವಣೆ ಹೋಗಿರಲಿಲ್ಲ, ಆತಂಕವೂ ಇಳಿದಿರಲಿಲ್ಲ.

ಇದನ್ನೆಲ್ಲಾ ಓದಿ ಇಮ್ಯುನಿಟಿ ಪುಡಿ, ಕಷಾಯ ಅಂತ ದುಡ್ಡು ಸುರಿಯಬೇಡಿ. ಇಲ್ಲಿರುವ ತೊಂದರೆ ರೋಗನಿರೋಧಕ ಕಣಗಳು ಕಮ್ಮಿಯಾಗಿದ್ದಲ್ಲ, ಬೇಡದ ಹೊತ್ತಲ್ಲಿ ಎದ್ದು ಓಡಿದ್ದು. ನಾರ್‌ಅಡ್ರಿನಲಿನ್ ಸಂದೇಶಕ್ಕೆ ಅಡ್ಡ ನಿಲ್ಲುವ ಪ್ರೊಪ್ರನೊಲಾಲ್ ಎಂಬ ಔಷಧಿ ಇಲಿಗಳಲ್ಲಿ ಆತಂಕವನ್ನು ತಡೆಯಿತು ಅನ್ನೋದು ನಿಜ, ಹಾಗಂತ ಮೆಡಿಕಲ್ ಶಾಪಿನಿಂದ ತಂದು ನುಂಗುವಂತಿಲ್ಲ. ಆಸ್ತಮಾ ಇರುವವರಿಗೆ ಅದು ಅಪಾಯ.

ಮನೆಯಲ್ಲಿ ಯಾರಾದರೂ ಹೀಗೆ ನರಳುತ್ತಿದ್ದರೆ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲು ಧೈರ್ಯ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹೊತ್ತಲ್ಲೂ ಎತ್ತುತ್ತಾರೆ.