ಪ್ಲಗ್ಗಿಲ್ಲದ ಗಾಡಿಗೆ ಐನೂರು ರೂಪಾಯಿ ಕರೆಂಟು

ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿರುವ ನಮ್ಮ ಸೊಸೈಟಿಗೆ ಮೊದಲ ಹೈಬ್ರಿಡ್ ಕಾರು ಬಂದದ್ದು 2023ರ ದಸರೆಯ ದಿನ. ತಂದವರು ಮೂರನೇ ಮಾಳಿಗೆಯ ಶೆಟ್ರು. ಬಾನೆಟ್ಟಿಗೆ ಗೊಂಡೆಹೂವಿನ ಮಾಲೆ, ಚಕ್ರದಡಿಗೆ ನಿಂಬೆಹಣ್ಣು, ಕೈಯಲ್ಲಿ ಪೇಡೆಯ ಡಬ್ಬ. ಗೇಟಿನಲ್ಲಿ ವಾಚ್‌ಮನ್ ಪೇಡೆ ಬಾಯಿಗೆ ಹಾಕಿಕೊಂಡವನೇ ಕೇಳಿದ: "ಚಾರ್ಜಿಂಗ್ ಕಹಾಂ ಕರೋಗೆ, ಸೇಠ್?"

ಅಲ್ಲಿಂದ ಶುರು.

ಶೆಟ್ರು ನಲವತ್ತು ವರ್ಷ ಅಂಧೇರಿಯಲ್ಲಿ ಹೋಟೆಲು ನಡೆಸಿ ಈಗ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟವರು. ಎಣ್ಣೆಯ ಡಬ್ಬ ಖಾಲಿಯಾದ ಮೇಲೂ ಐದು ನಿಮಿಷ ಬೋರಲು ಹಾಕಿ ಇಡಬೇಕೆಂದು ನಂಬುವ ಜಾತಿ. ಅವರು ಹೈಬ್ರಿಡ್ ತೆಗೆದುಕೊಂಡದ್ದಕ್ಕೂ ಹಿಮಾಲಯದ ಹಿಮ ಕರಗುವುದಕ್ಕೂ ಸಂಬಂಧವಿಲ್ಲ. "ಪರಿಸರ ಗಿರಿಸರ ಎಲ್ಲ ಪೇಪರಿನವರಿಗೆ ಮಾರಾಯ್ರೆ. ಲೀಟರಿಗೆ 27.97 ಅಂತ ಕಂಪನಿಯವ ಬರ್ದುಕೊಟ್ಟಿದ್ದಾನೆ. ಅಷ್ಟು ಬೇಡ, ಇಪ್ಪತ್ತೆರಡು ಬಂದರೂ ನಾನು ಗೆದ್ದೆ" ಎಂದರು. ಅದರ ಮೇಲೆ ಊರಿನ ಅಭಿಮಾನ ಬೇರೆ, ಗಾಡಿ ತಯಾರಾದದ್ದು ಬಿಡದಿಯಲ್ಲಿ. 2022ರಲ್ಲಿ ಟೊಯೋಟಾದವರು ಹೈರೈಡರ್ ಎಂದೂ ಮಾರುತಿಯವರು ಗ್ರ್ಯಾಂಡ್ ವಿಟಾರಾ ಎಂದೂ ಎರಡು ಹೆಸರಿಟ್ಟು ಮಾರಿದ ಅವಳಿ ಮಕ್ಕಳ ಹೆರಿಗೆ ಅದೇ ಕಾರ್ಖಾನೆಯಲ್ಲಿ. "ಇಷ್ಟು ದಿನ ಬಿಡದಿ ಅಂದ್ರೆ ತಟ್ಟೆ ಇಡ್ಲಿ ಅಂತ ಕೇಳಿದ್ದೆ. ಇಡ್ಲಿ ಅಷ್ಟಕ್ಕಷ್ಟೇ, ಕಾರು ಚೆನ್ನಾಗಿ ಮಾಡ್ತಾರೆ" ಎಂಬುದು ಉಡುಪಿ ಕಡೆಯವರ ತೀರ್ಪು. ಬೆಂಗಳೂರಿನವರು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಈ ಗಾಡಿಯ ಗುಟ್ಟು ಇಷ್ಟೇ. ಒಳಗೊಂದು ಪೆಟ್ರೋಲ್ ಎಂಜಿನ್, ಪಕ್ಕದಲ್ಲೊಂದು ಮೋಟಾರು, ಹಿಂದೊಂದು ಸಣ್ಣ ಬ್ಯಾಟರಿ. ಬ್ರೇಕ್ ಒತ್ತಿದಾಗ ಬೇರೆ ಗಾಡಿಗಳಲ್ಲಿ ಬಿಸಿಯಾಗಿ ಹಾರಿಹೋಗುವ ಶಕ್ತಿಯನ್ನು ಇದು ಹಿಡಿದು ಬ್ಯಾಟರಿಗೆ ಹಾಕಿಕೊಳ್ಳುತ್ತದೆ. ಮೆಲ್ಲಗೆ ತೆವಳುವಾಗ ಎಂಜಿನ್ ಆರಿಸಿ ಅದನ್ನೇ ಉಣ್ಣುತ್ತದೆ. ಅಂದರೆ ನಿಂತು, ತೆವಳಿ, ಮತ್ತೆ ನಿಲ್ಲುವವರಿಗೆ ಹೇಳಿ ಮಾಡಿಸಿದ ವಾಹನ. ಹೈಬ್ರಿಡ್ ಮಾರಾಟ ಯಾಕೆ ಏರುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವ ಪಂಡಿತರು ಸಂಜೆ ಆರೂವರೆಗೆ ಘೋಡ್‌ಬಂದರ್ ರಸ್ತೆಗೆ ಬಂದು ನಿಲ್ಲಲಿ. ಬೇಗ ಬರಬೇಕೆಂದಿಲ್ಲ, ಬೆಳಗ್ಗೆ ನೋಡಿದ ಗಾಡಿಗಳೇ ಅಲ್ಲಿರುತ್ತವೆ. ಹೊಂಡ ತೋಡಿ, ಮೆಟ್ರೋ ಕಂಬ ನೆಟ್ಟು, ಡಾಂಬರು ಹಾಕಿದ ಮರುವಾರ ಮತ್ತೆ ಅಗೆಯುವವರಿಗೆ ಕಾರು ಕಂಪನಿಗಳು ಗಾಡಿಗಿಷ್ಟು ಎಂದು ಕಮಿಷನ್ ಕೊಡದಿರುವುದು ಕೃತಘ್ನತೆ.

ಚಾರ್ಜಿಂಗ್ ಎಲ್ಲಿ ಎಂಬ ವಾಚ್‌ಮನ್ನಿನ ಪ್ರಶ್ನೆ ಒಂದೇ ವಾರದಲ್ಲಿ ಕಮಿಟಿಗೆ ಮುಟ್ಟಿತು. ಸೊಸೈಟಿಯಲ್ಲಿ ಆಗಲೇ ಎರಡು ಎಲೆಕ್ಟ್ರಿಕ್ ಕಾರುಗಳಿದ್ದವು. ಬ್ಯಾಟರಿ ಗಾಡಿಗೆ ತಿಂಗಳಿಗೆ ಐನೂರು ರೂಪಾಯಿ ವಿದ್ಯುತ್ ಶುಲ್ಕ ಎಂಬ ಠರಾವೂ ಇತ್ತು. ಶೆಟ್ರ ಮೇಂಟೆನೆನ್ಸ್ ಬಿಲ್ಲಿನಲ್ಲಿ ಹೊಸ ಸಾಲೊಂದು ಕಾಣಿಸಿಕೊಂಡಿತು. ಅವರು ಗಾಡಿಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆಫೀಸಿಗೆ ಬಂದರು. ಖಜಾಂಚಿಯಾದ್ದರಿಂದ ನಾನೂ ಅಲ್ಲಿದ್ದೆ. ನಮ್ಮ ಸೆಕ್ರೆಟರಿ ಸಾಹೇಬರು ಮೂವತ್ತಾರು ವರ್ಷ ಸರಕಾರಿ ಕಚೇರಿಯಲ್ಲಿ ಫೈಲು ತಿರುವಿ ನಿವೃತ್ತರಾದವರು. ಪುಸ್ತಕ ಮುಟ್ಟಲೂ ಇಲ್ಲ.

"ಗಾಡೀತ ಬ್ಯಾಟರಿ ಆಹೇ ಕೀ ನಾಹೀ?" ಗಾಡಿಯಲ್ಲಿ ಬ್ಯಾಟರಿ ಇದೆಯೋ ಇಲ್ಲವೋ ಎಂದು ಮರಾಠಿಯಲ್ಲಿ ಕೇಳಿದರು.

"ಆಹೇ. ಆದ್ರೆ ಪ್ಲಗ್ ನಾಹೀ ಸಾಹೇಬ್, ವಾಯರೇ ಇಲ್ಲ."

"ಬ್ಯಾಟರಿ ಆಹೇ ನಾ? ಮಗ?"

ಮರಾಠಿಯ ಈ 'ಮಗ' ಎಂಬ ಎರಡಕ್ಷರದ ಮುಂದೆ ಸುಪ್ರೀಂ ಕೋರ್ಟೂ ನಿಲ್ಲುವುದಿಲ್ಲ. ಹಾಗಾದರೆ ಮುಂದೇನು, ಇನ್ನೇನು ಉಳಿಯಿತು, ಎದ್ದು ಹೋಗಿ ಎಲ್ಲವೂ ಅದರಲ್ಲಿದೆ.

ಬ್ಯಾಂಕಿನಲ್ಲಿ ಸವೆದ ತಲೆ ನನ್ನದು, ಸುಮ್ಮನಿರಲಿಲ್ಲ. ಆ ಬ್ಯಾಟರಿಯ ಹೊಟ್ಟೆ ಎಷ್ಟೆಂದು ಪುಸ್ತಕದಲ್ಲಿ ಹುಡುಕಿದೆ: 0.76 ಕಿಲೋವ್ಯಾಟ್ ಅವರ್. ನಮ್ಮ ಭಾಷೆಯಲ್ಲಿ ಮುಕ್ಕಾಲು ಯೂನಿಟ್ ಕರೆಂಟು. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ಪೂರ್ತಿ ಖಾಲಿಯಿಂದ ಪೂರ್ತಿ ತುಂಬಲು ಏಳೂವರೆ ರೂಪಾಯಿ, ಕಟಿಂಗ್ ಚಹಾಕ್ಕೂ ಸಾಲದು. ಐನೂರು ರೂಪಾಯಿಯ ಕರೆಂಟು ಕುಡಿಯಬೇಕಾದರೆ ಶೆಟ್ರು ತಿಂಗಳಿಗೆ ಅರವತ್ತಾರು ಸಲ ಆ ಬ್ಯಾಟರಿ ತುಂಬಿ ಚೆಲ್ಲಬೇಕು. ತುಂಬಲಿಕ್ಕೆ ತೂತೇ ಇಲ್ಲ. ನನ್ನ ಲೆಕ್ಕವನ್ನು ಸಾಹೇಬರು ಮೆಚ್ಚಿ, ಫೈಲಿಗೆ ಸೇರಿಸಿ, ಐನೂರನ್ನು ಕಾಯಂ ಮಾಡಿದರು.

ಅವರನ್ನು ಬೈದು ಪ್ರಯೋಜನವಿಲ್ಲ. ಅವರು ಕಲಿತ ಶಾಲೆ ದಿಲ್ಲಿಯದು, ಆ ಶಾಲೆಗೇ ಹೈಬ್ರಿಡ್ ಅಂದರೆ ದನವೋ ಎಮ್ಮೆಯೋ ಎಂದು ಇನ್ನೂ ತಿಳಿದಿಲ್ಲ. 2008ರಲ್ಲಿ ಹೋಂಡಾದವರು ಸಿವಿಕ್ ಹೈಬ್ರಿಡ್ ಅನ್ನು ಸುಮಾರು 21 ಲಕ್ಷಕ್ಕೆ ಇಲ್ಲಿ ಇಳಿಸಿದರು. ಯಾರೂ ತಿರುಗಿ ನೋಡಲಿಲ್ಲ. ಅದೇ ವರ್ಷ ಎಂಟು ಲಕ್ಷ ಕಡಿತ ಮಾಡಿ ಮಾರಿದರು. ಎಂಟು ಲಕ್ಷ ರಿಯಾಯಿತಿ! ಆ ಕಾಲದಲ್ಲಿ ಅಷ್ಟು ದುಡ್ಡಿಗೆ ಇನ್ನೊಂದು ಕಾರೇ ಬರುತ್ತಿತ್ತು. 2010ರಲ್ಲಿ ಪ್ರಿಯಸ್ ಬಂತು, ಶೋರೂಮಿನ ಗಾಜಿನ ಹಿಂದೆ ದೇವರ ಹಾಗೆ ಕೂತಿತು, ದರ್ಶನ ಮಾಡಿದವರೇ ಹೆಚ್ಚು.

2015ರ ಏಪ್ರಿಲಿನಲ್ಲಿ ಫೇಮ್ ಯೋಜನೆ. ಪರಿಸರಸ್ನೇಹಿ ವಾಹನಕ್ಕೆ ಸಬ್ಸಿಡಿ ಎಂದಾಗ ಮುಂದೆ ಬಂದು ತಟ್ಟೆ ಹಿಡಿದದ್ದು 'ಮೈಲ್ಡ್ ಹೈಬ್ರಿಡ್' ಎಂಬ ಸೌಮ್ಯ ಪ್ರಾಣಿ. ಇದರಲ್ಲಿರುವ ಮೋಟಾರು ಎಂಜಿನ್ನಿನ ಬೆನ್ನು ತಟ್ಟಿ ಶಹಬ್ಬಾಸ್ ಅನ್ನುತ್ತದೆಯೇ ಹೊರತು ತಾನೊಂದೇ ಚಕ್ರವನ್ನು ಒಂದು ಗೇಣೂ ಉರುಳಿಸಲಾರದು. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ ಹೊತ್ತಿಸಿಕೊಡುವ ಆ ಸೇವೆಗೆ ಗಾಡಿಗೆ 13,000 ರೂಪಾಯಿ ದಕ್ಷಿಣೆ. ಎರಡು ವರ್ಷ ಕೊಟ್ಟ ಮೇಲೆ ಜ್ಞಾನೋದಯವಾಗಿ 2017ರ ಏಪ್ರಿಲಿಗೆ ನಿಲ್ಲಿಸಿದರು. ಮೂರೇ ತಿಂಗಳಿಗೆ ಜಿಎಸ್‌ಟಿ ಬಂತು. ಈ ಸಲ ದಿಟವಾಗಿ ಪೆಟ್ರೋಲ್ ಉಳಿಸುವ ದೊಡ್ಡ ಹೈಬ್ರಿಡ್ಡಿಗೂ ಸೆಸ್ ಸೇರಿ ಶೇಕಡ 43 ತೆರಿಗೆ. ಶೆಟ್ರ ಗಾಡಿಯಷ್ಟೇ ಗಾತ್ರದ ಶುದ್ಧ ಪೆಟ್ರೋಲ್ ಗಾಡಿಯದು 45ಕ್ಕೆ ನಿಂತಿತು. ಭೂಮಿಯನ್ನು ಕಾಪಾಡಿದ್ದಕ್ಕೆ ನೂರಕ್ಕೆ ಎರಡು ರೂಪಾಯಿ ಭಕ್ಷೀಸು. ಎಲೆಕ್ಟ್ರಿಕ್ ಗಾಡಿಗೆ ಮೊದಲು 12, 2019ರಿಂದ ಬರೀ 5.

ನಾಗಪುರದ ಗಡ್ಕರಿಯವರು ಹೈಬ್ರಿಡ್ಡಿನ ತೆರಿಗೆಯನ್ನೂ 5ಕ್ಕೆ ಇಳಿಸಿ ಎಂದು ಹಣಕಾಸು ಇಲಾಖೆಗೆ ಪ್ರಸ್ತಾವ ಕಳಿಸಿದರು. ಉತ್ತರ ಪ್ರದೇಶ 2024ರ ಜುಲೈಯಲ್ಲಿ ಶೆಟ್ರ ಗಾಡಿಯಂಥ ಸ್ಟ್ರಾಂಗ್ ಹೈಬ್ರಿಡ್ಡುಗಳ ನೋಂದಣಿ ತೆರಿಗೆಯನ್ನೇ ಬಿಟ್ಟುಕೊಟ್ಟಿತು. ಆ ದಿನ ಶೆಟ್ರು ಲಖನೌದಲ್ಲಿ ಹೋಟೆಲು ಹೇಗೆ ನಡೆಯುತ್ತದೆ ಎಂದು ಎರಡು ಕಡೆ ಫೋನ್ ಮಾಡಿದ್ದು ನನಗೆ ಗೊತ್ತು. ಕಡೆಗೆ 2025ರ ಸೆಪ್ಟೆಂಬರ್ 22ರಂದು ಹೊಸ ದರ ಬಂತು. ದೊಡ್ಡ ಹೈಬ್ರಿಡ್ಡಿಗೂ 40, ದೊಡ್ಡ ಪೆಟ್ರೋಲ್ ಗಾಡಿಗೂ 40. ಹಳೆಯ ಎರಡು ರೂಪಾಯಿಯ ಭಕ್ಷೀಸೂ ಹೋಯಿತು. ಅದೇ ಬೆಂಚಿನಲ್ಲಿ ಇನ್ನು ಯಾರಿದ್ದಾರೆಂದು ನೋಡಿದರೆ ಸಿಹಿ ಹಾಕಿದ ಬಾಟಲಿ ಸೋಡಾ; ಪಾನ್ ಮಸಾಲಾ, ಗುಟ್ಕಾಗಳಿಗೂ ಮುಂದೆ ಅಲ್ಲೇ ಜಾಗವೆಂದು ಗೊತ್ತು ಮಾಡಿದ್ದರು.

"ಹಾಗಾದ್ರೆ ನನ್ನ ಗಾಡಿ ಗುಟ್ಕಾದ ಸಾಲಿನಲ್ಲಾ?" ಎಂದು ಶೆಟ್ರು ಕೇಳಿದರು. ಹೋಟೆಲಿನಲ್ಲಿ 'ಥೂಕನಾ ಮನಾ ಹೈ', ಉಗುಳಬಾರದು, ಎಂಬ ಬೋರ್ಡು ಹಾಕಿ ನಲವತ್ತು ವರ್ಷ ಗುಟ್ಕಾದೊಂದಿಗೆ ಹೋರಾಡಿದ ಮನುಷ್ಯ. ನೋವು ನ್ಯಾಯವಾದದ್ದೇ.

ನಂಬರ್ ಪ್ಲೇಟಿನದ್ದೂ ಇದೇ ಹಾಡು. ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟು, ಹೈಬ್ರಿಡ್ಡಿಗೆ ಬಿಳಿ. 2025ರ ಆಗಸ್ಟಿನಿಂದ ಹಸಿರು ಪ್ಲೇಟಿನವರಿಗೆ ಮುಂಬೈಯ ಕಡಲು ದಾಟಿಸುವ ಅಟಲ್ ಸೇತುವಿನ ಟೋಲ್ ಮಾಫಿ. ಶೆಟ್ರು ಒಂದು ಸಲ ದಾಟಿದರೆ 250 ರೂಪಾಯಿ. ಸೊಸೈಟಿಯ ಲೆಕ್ಕದಲ್ಲಿ ಅದು ಬ್ಯಾಟರಿ ಗಾಡಿ, ಸೇತುವೆಯ ಲೆಕ್ಕದಲ್ಲಿ ಪೆಟ್ರೋಲ್ ಗಾಡಿ. ದುಡ್ಡು ಕೊಡುವ ಹೊತ್ತಿಗೆ ಎರಡೂ.

ಇದು ನಮ್ಮ ದೇಶದ ಗುತ್ತಿಗೆ ಅಂದುಕೊಳ್ಳಬೇಡಿ. 1900ರಲ್ಲೇ ಫರ್ಡಿನಾಂಡ್ ಪೋರ್ಷೆ ಎಂಜಿನ್ನೂ ಬ್ಯಾಟರಿಯೂ ಇರುವ ಗಾಡಿ ಕಟ್ಟಿದ್ದ. ಮಾರುಕಟ್ಟೆಯಲ್ಲಿ ನಿಲ್ಲುವ ಹೈಬ್ರಿಡ್ ಬರಲು 1997ರ ಡಿಸೆಂಬರ್ ತನಕ ಕಾಯಬೇಕಾಯಿತು, ಜಪಾನಿನಲ್ಲಿ ಪ್ರಿಯಸ್. ಟೊಯೋಟಾ ಮೊದಲ ಹತ್ತು ಲಕ್ಷ ಹೈಬ್ರಿಡ್ ಮಾರಲು 2007 ಬಂತು. 2017ರ ಜನವರಿಗೆ ಒಂದು ಕೋಟಿ. ಏರಿಕೆ ಅಂದರೆ ಇದು. ಆದರೆ ಏರುವ ಮೆಟ್ಟಿಲಿನ ಪಕ್ಕದಲ್ಲೇ ಕಳ್ಳದಾರಿಯೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಮೂವರು ಒಂದೇ ಕಾರಿನಲ್ಲಿ ಒಟ್ಟಿಗೆ ಹೋಗಲಿ ಎಂದು ಕಾರ್‌ಪೂಲ್ ಲೇನ್ ಮಾಡಿದ್ದರು. 2005ರಿಂದ ಹೈಬ್ರಿಡ್ಡಿಗೆ ಹಳದಿ ಸ್ಟಿಕ್ಕರ್ ಕೊಟ್ಟು, ಒಬ್ಬನೇ ಕೂತರೂ ಆ ಲೇನಿನಲ್ಲಿ ಹೋಗು ಎಂದರು. 85,000 ಸ್ಟಿಕ್ಕರ್ ಮುಗಿದ ಮೇಲೆ, ಸ್ಟಿಕ್ಕರ್ ಅಂಟಿದ ಹಳೇ ಕಾರಿಗೆ ಹೆಚ್ಚಿನ ಬೆಲೆ ಬರತೊಡಗಿತು. ಬ್ರಿಟನ್ನಿನಲ್ಲಿ ಪ್ಲಗ್ ಇರುವ ಹೈಬ್ರಿಡ್ಡುಗಳನ್ನು ಸರಕಾರಿ ಸಹಾಯಧನದಲ್ಲಿ ಕೊಂಡ ಕಂಪನಿಗಳು ವರ್ಷಗಟ್ಟಲೆ ಓಡಿಸಿ ಹಿಂದಿರುಗಿಸಿದಾಗ, ಕೆಲವುಗಳ ಡಿಕ್ಕಿಯಲ್ಲಿ ಚಾರ್ಜಿಂಗ್ ವಾಯರು ಪ್ಲಾಸ್ಟಿಕ್ ಸಹ ಬಿಚ್ಚದೆ ಮಲಗಿತ್ತು. ಅಲ್ಲಿ ಪ್ಲಗ್ ಇದ್ದವರು ಹಾಕಲಿಲ್ಲ, ಇಲ್ಲಿ ಪ್ಲಗ್ ಇಲ್ಲದವರಿಂದ ಬಾಡಿಗೆ.

ಕಥೆಗೆ ಬರುತ್ತೇನೆ. 2024ರ ಮಳೆಗಾಲಕ್ಕೆ ಮುಂಚೆ ಶೆಟ್ರ ಗೊಣಗಾಟ ತಡೆಯಲಾರದೆ ಕಮಿಟಿ ಒಂದು ಮಹಾನ್ ಔದಾರ್ಯ ತೋರಿಸಿತು: ಹೈಬ್ರಿಡ್ ಗಾಡಿಗಳಿಗೆ ಕಟ್ಟಡದ ಕೆಳಗೆ, ಮಾಡಿನಡಿಯಲ್ಲಿ ಪ್ರತ್ಯೇಕ ಸಾಲು. ಥಾಣೆಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬಯಲಲ್ಲಿ ಗಾಡಿ ನಿಲ್ಲಿಸಿದವರಿಗೆ ಮಾಡಿನಡಿಯ ಜಾಗದ ಬೆಲೆ ಗೊತ್ತು. ಐನೂರಕ್ಕೆ ಅದು ಬಿಟ್ಟಿ. ಆಮೇಲೆ ನೋಡಿ ಹೈಬ್ರಿಡ್ ಕ್ರಾಂತಿ.

ಮೊದಲು ಬಂದವು ನಾಲ್ಕು ಮೈಲ್ಡ್ ಗಾಡಿಗಳು, ಹಿಂಬದಿಯ 'ಹೈಬ್ರಿಡ್' ಎಂಬ ಬೆಳ್ಳಿ ಅಕ್ಷರವನ್ನು ಪಾಲಿಷ್ ಹಾಕಿ ತೋರಿಸಿಕೊಂಡು. ಸಾರಿಗೆ ಇಲಾಖೆಯ ವಾಹನ್ ಪೋರ್ಟಲಿನಲ್ಲಿ 'ಪೆಟ್ರೋಲ್/ಹೈಬ್ರಿಡ್' ಎಂಬ ಕಲಮೇ ಇರುವಾಗ ನಾವ್ಯಾರು ಬೇಡ ಅನ್ನಲು? ಮತ್ತೆ ಮೂರು ಸಿಎನ್‌ಜಿ ಗಾಡಿ: "ಗ್ಯಾಸೂ ಇದೆ ಪೆಟ್ರೋಲೂ ಇದೆ, ಎರಡಿದ್ದರೆ ಹೈಬ್ರಿಡ್ ತಾನೆ?" ವಾದ ಗೆದ್ದಿತು. ಇನ್ನಿಬ್ಬರು ಕುರ್ಲಾದ ಬಿಡಿಭಾಗದ ಅಂಗಡಿಯಿಂದ ನೂರೈವತ್ತು ರೂಪಾಯಿಗೆ ಅಕ್ಷರ ತಂದು ಅಂಟಿಸಿದರು; ಒಬ್ಬರದ್ದು ತಲೆಕೆಳಗಾಗಿತ್ತು. ಹತ್ತು ಆಯಿತೇ? ಹನ್ನೊಂದನೆಯದು ನಾಲ್ಕನೇ ಮಾಳಿಗೆಯ ಹಳೇ ಡೀಸೆಲ್ ಗಾಡಿ. ದಿನಾ ಬೆಳಗ್ಗೆ ವಾಚ್‌ಮನ್ನೂ ಹಾಲಿನವನೂ ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುವಂಥದ್ದು. ಅರ್ಧ ಡೀಸೆಲ್, ಅರ್ಧ ಮನುಷ್ಯಶಕ್ತಿ. ಆ ಅರ್ಜಿಯ ಮೇಲೆ ಸಾಹೇಬರು ಎರಡು ದಿನ ಯೋಚಿಸಿದರು ಎಂಬುದನ್ನು ದಾಖಲಿಸಬೇಕು.

ಜಿಎಸ್‌ಟಿ ಬದಲಾದ ಅದೇ ವಾರದಲ್ಲಿ ನಮ್ಮ ವಾರ್ಷಿಕ ಸಭೆ. ಸಾಹೇಬರು ಗೋಡೆಯ ಮೇಲೆ ಹಸಿರು ಬಣ್ಣದ ಗ್ರಾಫ್ ಬಿಟ್ಟರು: ಎರಡೇ ವರ್ಷದಲ್ಲಿ ಒಂದರಿಂದ ಹನ್ನೊಂದು. ಮುಂದಕ್ಕೆ ಚುಕ್ಕಿಗೆರೆ, 2027ಕ್ಕೆ ಮೂವತ್ತೆಂಟು. ಸೊಸೈಟಿಯಲ್ಲಿರುವ ಮನೆಗಳೇ ಮೂವತ್ತಾರು. ಚಪ್ಪಾಳೆ ಬಿತ್ತು. ನಾನು ಸಹಿ ಹಾಕಿದೆ. ಖಜಾಂಚಿಯ ಸಹಿ ಇರುವುದು ಮೊತ್ತಕ್ಕೆ, ಅರ್ಥಕ್ಕಲ್ಲ.

ಎಡವಟ್ಟಾದದ್ದು ಆಡಿಟರಿಂದ. "ವಿದ್ಯುತ್ ಶುಲ್ಕ ವಸೂಲಿ ಮಾಡುತ್ತೀರಿ, ಸಾಕೆಟ್ ಎಲ್ಲಿ?" ಎಂದು ಕೆಂಪು ಶಾಯಿಯಲ್ಲಿ ಬರೆದುಬಿಟ್ಟರು. ಪ್ರಾಯೋಗಿಕವಾಗಿ ಶೆಟ್ರ ಜಾಗದಲ್ಲೊಂದು 15 ಆಂಪ್ ಸಾಕೆಟ್, ಅದಕ್ಕೊಂದು ಸಬ್ ಮೀಟರು ಕೂತಿತು. ಒಂದು ತಿಂಗಳ ಬಳಕೆ ಸೊನ್ನೆ. ಮೀಟರು ಕೆಟ್ಟಿದೆ ಎಂದು ಬದಲಿಸಿದರು. ಮತ್ತೆ ಸೊನ್ನೆ. ಎಲೆಕ್ಟ್ರಿಷಿಯನ್ನನ್ನು ಬೈದರು. ಮತ್ತೆ ಸೊನ್ನೆ. ಸಾಹೇಬರ ಮುಖ ಬಾಡಿತು, ಗ್ರಾಫಿನ ಕೆಳಗೆ ಸೊನ್ನೆ ಇಟ್ಟುಕೊಂಡು ಮುಂದಿನ ಸಭೆಗೆ ಹೋಗುವುದು ಹೇಗೆ?

ಶೆಟ್ರ ಕರುಳು ಚುರ್ ಎಂದಿತು. "ಪಾಪ ಮಾರಾಯ್ರೆ, ಹಿರಿಯರು. ಏನಾದ್ರೂ ಮಾಡುವ" ಎಂದರು. ಆ ಶನಿವಾರ ಅಂಧೇರಿಯ ಹೋಟೆಲಿನಿಂದ ಟೆಂಪೋದಲ್ಲಿ ಒಂದು ಹಾರ್ಸ್ ಪವರಿನ ಹಳೇ ಗ್ರೈಂಡರ್ ಬಂತು. ಗಾಡಿಯ ಹಿಂದೆ, ಸಾಕೆಟ್ಟಿನ ಕೆಳಗೆ, ನೆನೆಸಿಟ್ಟ ಉದ್ದು ಅಕ್ಕಿ ಹಾಕಿ ಒಂದು ಗಂಟೆ ತಿರುಗಿಸಿದರು. ಮೀಟರು ನೋಡಿದೆ: ಮುಕ್ಕಾಲು ಯೂನಿಟ್. ಸರಿಯಾಗಿ ಆ ಬ್ಯಾಟರಿಯ ಹೊಟ್ಟೆಯಷ್ಟೇ.

ಈಗ ಪ್ರತಿ ಶನಿವಾರ ರಾತ್ರಿ ಇದು ನಡೆಯುತ್ತದೆ. ಭಾನುವಾರ ಬೆಳಗ್ಗೆ ಸಾಹೇಬರ ಮನೆಗೆ ಎಂಟು ಇಡ್ಲಿ, ಸಾಂಬಾರು ಬೇರೆ ಡಬ್ಬದಲ್ಲಿ. 'ಹೈಬ್ರಿಡ್ ವಾಹನದ ಮಾಸಿಕ ವಿದ್ಯುತ್ ಬಳಕೆ 3 ಯೂನಿಟ್, ಪ್ರಗತಿ ತೃಪ್ತಿಕರ' ಎಂದು ರಿಜಿಸ್ಟರಿನಲ್ಲಿ ನಾನೇ ಬರೆಯುತ್ತೇನೆ. ಅಷ್ಟಮಿಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಮೂಡೆಯ ಹಿಟ್ಟು ಎರಡು ಗಂಟೆ ಹೆಚ್ಚು ರುಬ್ಬಬೇಕಾಗುತ್ತದೆ ಎಂದು ಶೆಟ್ರು ಮೊನ್ನೆ ಲಿಖಿತವಾಗಿ ತಿಳಿಸಿದರು. ಸಾಹೇಬರು ಆ ತಿಂಗಳ ಚುಕ್ಕಿಯನ್ನು ಈಗಲೇ ಒಂದು ಬೆರಳು ಮೇಲಕ್ಕೆ ಇಟ್ಟಿದ್ದಾರೆ.