ಒಂದು ನಾಣ್ಯ ಒರೆಗೆ ಹಚ್ಚಿದರೆ ಗಡಿಗೆಯೆಲ್ಲ ಚಿನ್ನ ಆಗಲ್ಲ

ದಾವಣಗೆರೆ, ಚಿತ್ರದುರ್ಗದ ಕಡೆ ಪೇಪರ್ ಓದುವವರಿಗೆ ಈ ಸುದ್ದಿ ಹೊಸದಲ್ಲ. ಬೇರೆ ಊರಿನ ಯಾರಿಗೋ ಫೋನ್ ಬರುತ್ತದೆ. "ಅಣ್ಣಾ, ಮನೆ ಪಾಯ ತೆಗೆಯುವಾಗ ಗಡಿಗೆ ತುಂಬ ಹಳೇ ಬಂಗಾರದ ನಾಣ್ಯ ಸಿಕ್ಕಾವೆ. ಒಂದು ಕೊಡ್ತೀವಿ, ಎಲ್ಲಿ ಬೇಕಾದ್ರೂ ಚೆಕ್ ಮಾಡಿಸ್ಕೊಳ್ಳಿ." ಚೆಕ್ ಮಾಡಿಸಿದರೆ ಅಪ್ಪಟ ಚಿನ್ನ. ಆಮೇಲೆ ಲಕ್ಷಗಟ್ಟಲೆ ದುಡ್ಡು ತಂದು, ಹೈವೇ ಪಕ್ಕದ ಯಾವುದೋ ಹೊಲದಲ್ಲಿ ಚೀಲ ತಗೊಂಡು ಹೋಗುತ್ತಾರೆ. ಚೀಲದಲ್ಲಿ ಇರುವುದು ಹಿತ್ತಾಳೆ.

ಮೋಸ ಹೋದವರಿಗೆ ದುರಾಸೆ ಅಂತ ಬೈಯುವವರೇ ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಅವರು ಪರೀಕ್ಷೆ ಮಾಡಿಸಿಯೇ ಕೊಂಡಿದ್ದಾರೆ. ಮಾದರಿಗೆ ಕೊಟ್ಟ ನಾಣ್ಯ ನಿಜವಾಗಿಯೂ ಚಿನ್ನದ್ದೇ. ಆ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೇ.

ಪತ್ತಾರರು ಒರೆಗಲ್ಲಿಗೆ ಉಜ್ಜಿ ಆಸಿಡ್ ಹಾಕುತ್ತಾರೆ. ಹಿತ್ತಾಳೆಯ ಗೆರೆ ಅಳಿಸಿಹೋಗುತ್ತದೆ, ಚಿನ್ನದ್ದು ಉಳಿಯುತ್ತದೆ. ಒಳ್ಳೆಯ ಪರೀಕ್ಷೆ. ಆದರೆ ಕಲ್ಲಿಗೆ ಹತ್ತುವುದು ಮೇಲಿನ ಪದರ ಮಾತ್ರ. ದಪ್ಪಗೆ ಚಿನ್ನದ ಲೇಪ ಕೊಟ್ಟಿದ್ದರೆ ಕಲ್ಲೂ ಮೋಸ ಹೋಗುತ್ತದೆ, ಅಂಗಡಿಯ ಎಕ್ಸ್‌ರೇ ಮೆಷಿನ್ನೂ ಮೋಸ ಹೋಗುತ್ತದೆ. ಅದೂ ನೋಡುವುದು ಮೇಲ್ಮೈಯನ್ನೇ. ಇನ್ನು ಮ್ಯಾಗ್ನೆಟ್ ಹಿಡಿದು ನೋಡುವವರಿದ್ದಾರೆ. ಹಿತ್ತಾಳೆ, ತಾಮ್ರ, ಸೀಸ ಯಾವುದೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಅದರಿಂದ ಸಮಾಧಾನಪಟ್ಟುಕೊಳ್ಳಬೇಡಿ.

ನನಗೆ ಹೆಚ್ಚು ನಂಬಿಕೆ ಇರುವುದು ತೂಕ ಮತ್ತು ನೀರಿನ ಮೇಲೆ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ಮೊದಲು ನಾಣ್ಯ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. ಮೊದಲಿನ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. ನಾಣ್ಯ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಗೊತ್ತಾಗುತ್ತದೆ. 22 ಕ್ಯಾರೆಟ್ ಚಿನ್ನ ಆದರೆ 17.7ರ ಆಸುಪಾಸು ಬರುತ್ತದೆ. ಹಿತ್ತಾಳೆ 8.5, ಸೀಸ 11.3. 22 ಕ್ಯಾರೆಟ್ ಚಿನ್ನದ ಬ್ರಿಟಿಷ್ ಸವರನ್ ನಾಣ್ಯದ ತೂಕ 7.98 ಗ್ರಾಂ, ನೀರಲ್ಲಿ ಸುಮಾರು 0.45 ತೋರಿಸಬೇಕು. ಅಷ್ಟೇ ತೂಕದ ಹಿತ್ತಾಳೆ 0.94 ತೋರಿಸುತ್ತದೆ. ಒಳಗಿನ ಲೋಹವೂ ಲೆಕ್ಕಕ್ಕೆ ಬರುತ್ತದೆ, ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ. ಅರ್ಧ ಗ್ರಾಂ ಕೂಡ ಇಲ್ಲದ 'ಹಣ'ದಂಥ ಪುಟ್ಟ ನಾಣ್ಯಕ್ಕೆ ಮಾತ್ರ ಈ ತಕ್ಕಡಿ ಸಾಲದು.

ಚಿನ್ನ ಅಂತ ಗೊತ್ತಾದರೂ ಅದು ಹಳೇ ನಾಣ್ಯವೇ ಅಂತ ಹೇಳಲು ಬರುವುದಿಲ್ಲ, ಅಲ್ವಾ? ನಮ್ಮ ಮನೆಗಳ ಕಾಸಿನ ಸರದಲ್ಲಿ ಪತ್ತಾರರೇ ಅಚ್ಚು ಹಾಕಿದ ಕಾಸುಗಳೂ ಇರುತ್ತವೆ. ಅವು ಒಡವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನೇ ವಿಜಯನಗರದ ನಾಣ್ಯ ಅಂತ ಮಾರಿದರೆ ಮೋಸ. ಆ ಕಾಲದ ಚಿನ್ನದ ನಾಣ್ಯ ವರಾಹ ಅಂದರೆ ದೊಡ್ಡ ಬಿಲ್ಲೆ ಅಂದುಕೊಂಡವರು ಬಹಳ. ಅದು ಸುಮಾರು 3.4 ಗ್ರಾಂ, ಈಗಿನ ಒಂದು ರೂಪಾಯಿಗಿಂತ ಚಿಕ್ಕದು. ಕೃಷ್ಣದೇವರಾಯನ ವರಾಹದಲ್ಲಿ ಒಂದು ಕಡೆ ಬಾಲಕೃಷ್ಣ, ಇನ್ನೊಂದು ಕಡೆ ನಾಗರಿ ಲಿಪಿಯಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ'. ಕೆಳದಿ ನಾಯಕರ ಇಕ್ಕೇರಿ ವರಾಹದಲ್ಲಿ ಶಿವ-ಪಾರ್ವತಿ, ಹಿಂದೆ 'ಶ್ರೀ ಸದಾಶಿವ'. ಹೈದರಾಲಿ ಅದೇ ಶಿವ-ಪಾರ್ವತಿಯನ್ನು ಉಳಿಸಿಕೊಂಡು ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಇವೆಲ್ಲ ಕೈಯಿಂದ ಬಡಿದ ನಾಣ್ಯಗಳು. ಒಂದರ ಚಿತ್ರ ಸ್ವಲ್ಪ ಆಚೆ ಸರಿದಿರುತ್ತದೆ, ಇನ್ನೊಂದರದು ಈಚೆ. ಭೂತಗನ್ನಡಿ ಹಿಡಿದು ನಾಲ್ಕೈದನ್ನು ಪಕ್ಕಪಕ್ಕ ನೋಡಿ. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಗುಳಿ, ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಂಡರೆ ಅವು ಎರಕ ಹೊಯ್ದವು.

ನಮ್ಮ ನೆಲದಲ್ಲಿ ಹಳೇ ನಾಣ್ಯ ಸಿಗುವುದು ನಿಜ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಪುರಾತತ್ವ ತಜ್ಞರಾದ ಎಂ.ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ವೀಲರ್ ಅಗೆದಾಗ ಸಾತವಾಹನರ ಕಾಲದ ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯ ಸಿಕ್ಕಿವೆ. ಇತಿಹಾಸಕ್ಕೆ ಆ ಸೀಸವೇ ದೊಡ್ಡ ಸಂಪತ್ತು. ಹಾಗಾಗಿಯೇ ನನಗೆ ಈ ಗಡಿಗೆ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ದುರ್ಗದ ಹೆಸರು ಹೇಳಿಕೊಂಡೇ ಜನರನ್ನು ದೋಚುತ್ತಾರೆ. ಆ ಗಡಿಗೆ ನಿಜವೇ ಆಗಿದ್ದರೂ ಗುಟ್ಟಾಗಿ ಮಾರುವ ಹಾಗಿಲ್ಲ. ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುತ್ತದೆ ಕಾನೂನು.

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೇ ನಾಣ್ಯ ಇದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಂಚು ಕೊಯ್ಯಿಸಬೇಡಿ, ಸುಮ್ನೆ ಕರಗಿಸಲು ಕೊಡಬೇಡಿ. ಮೊದಲು ತೂಗಿ, ನೀರಲ್ಲಿ ನೋಡಿ, ಎರಡೂ ಬದಿಯ ಫೋಟೊ ತೆಗೆದು ನಾಣ್ಯ ಬಲ್ಲವರಿಗೆ ತೋರಿಸಿ. ಯಾರಾದರೂ ಮಾರಲು ಬಂದರೆ, ಮಾದರಿ ಬೇಡ, ಇಡೀ ಚೀಲ ತನ್ನಿ, ನಾನು ಆರಿಸಿದ್ದನ್ನು ನಾನು ಹೇಳಿದ ಅಂಗಡಿಯಲ್ಲೇ ನೋಡೋಣ ಅನ್ನಿ. ಹೊಲಕ್ಕೆ ಬಾ, ದುಡ್ಡು ಹಿಡ್ಕೊಂಡು ಒಬ್ಬನೇ ಬಾ ಅಂದರೆ ಹೋಗಬೇಡಿ. ಪೊಲೀಸರ 112ಕ್ಕೆ ಫೋನ್ ಮಾಡಿ, ನಿಮಗೆ ಫೋನ್ ಬಂದ ನಂಬರ್ ಕೊಡಿ.