ಆ 14 ಅಧ್ಯಾಯ ಬೋರ್ ಅಂತೆ

ಇವತ್ತು ಚರ್ಚಿನ ಪ್ರಸಂಗದಲ್ಲಿ ಮತ್ತೆ 'ಲೆ ಮಿಸೆರಾಬ್ಲ್' ಕಾದಂಬರಿಯ ಆ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡ್ ಬಂತು. ನಿಮ್ಮ ಸಭೆಯಲ್ಲೂ ಬಂದೇ ಇರುತ್ತದೆ. ಕಳ್ಳ ಬಿಷಪ್ಪರ ಮನೆಯ ಬೆಳ್ಳಿ ಕದಿಯುತ್ತಾನೆ, ಪೊಲೀಸರು ಹಿಡಿದು ತರುತ್ತಾರೆ, 'ಸ್ಟ್ಯಾಂಡ್ ಬಿಟ್ಟು ಹೋದೆಯಲ್ಲಪ್ಪಾ' ಅಂತ ಬಿಷಪ್ ಅದನ್ನೂ ಕೊಡುತ್ತಾರೆ, ಕಳ್ಳ ಬದಲಾಗುತ್ತಾನೆ. ಎರಡು ನಿಮಿಷದಲ್ಲಿ ಮುಗೀತು, ಆಮೆನ್.

ಅಯ್ಯನವರು ಚೆನ್ನಾಗಿಯೇ ಹೇಳಿದರು. ನನಗೆ ಉರಿದದ್ದು ಆಮೇಲೆ, ಚಹಾ ಕುಡಿಯುವಾಗ. ಯುವಜನ ಕೂಟದ ಹುಡುಗನೊಬ್ಬನಿಗೆ 'ಪುಸ್ತಕ ನನ್ನ ಹತ್ತಿರ ಇದೆ, ಓದ್ತೀಯೇನೋ' ಅಂದೆ. 'ಶುರು ಮಾಡಿದ್ದೆ ಆಂಟಿ. ಸಿಕ್ಕಾಪಟ್ಟೆ ಬೋರು. ಕಳ್ಳ ಬರೋದೇ ಇಲ್ಲ. ಪಾಯಿಂಟ್ ಗೊತ್ತಾಯ್ತಲ್ಲ, ಸಾಕು.' ಪಕ್ಕದಲ್ಲಿದ್ದ ಹಿರಿಯರು ಬಿಸ್ಕತ್ತು ಅದ್ದುತ್ತಾ, 'ಬಿಡಿ ಸಿಸ್ಟರ್, ಸತ್ಯವೇದ ಓದೋಕೇ ಟೈಮಿಲ್ಲ' ಅಂದರು.

ಸಭೆಯ ಅಂಗಳ ಅಂತ ಸುಮ್ಮನೆ ಬಂದೆ. ನನ್ನ ಬಾಯಿ ನಿಮಗೆ ಗೊತ್ತು. ಇಲ್ಲಿ ಸುಮ್ಮನಿರಲ್ಲ.

ಹೌದು, ಕಳ್ಳ ಬರಲ್ಲ. ವಿಕ್ಟರ್ ಹ್ಯೂಗೋ 1862ರಲ್ಲಿ ಹೊರತಂದ 'ಲೆ ಮಿಸೆರಾಬ್ಲ್' ಕಾದಂಬರಿಯ ಮೊದಲ 14 ಅಧ್ಯಾಯಗಳಲ್ಲಿ ಆ ಕಳ್ಳ ಜಾನ್ ವಾಲ್ಜಾನ್ ಹೆಸರೇ ಇಲ್ಲ. ಇರುವುದು ಒಬ್ಬ ಮುದುಕ ಬಿಷಪ್, ಅವರ ತಂಗಿ, ಒಬ್ಬ ಮನೆಗೆಲಸದಾಕೆ. ಪಕ್ಕದ ಆಸ್ಪತ್ರೆಯ ಪುಟ್ಟ ಕೋಣೆಗಳಲ್ಲಿ 26 ರೋಗಿಗಳು ಒತ್ತಿಕೊಂಡು ಮಲಗಿದ್ದಾರೆ ಅಂತ ಗೊತ್ತಾದಾಗ ಬಿಷಪ್ ತಮ್ಮ ಅರಮನೆಯನ್ನು ಅವರಿಗೆ ಬಿಟ್ಟುಕೊಟ್ಟು ತಾವು ಆ ಸಣ್ಣ ಕಟ್ಟಡಕ್ಕೆ ಹೋಗುತ್ತಾರೆ. ಆಮೇಲೆ ಲೆಕ್ಕದ ಪಟ್ಟಿ. ನಿಜವಾದ ಪಟ್ಟಿ! ಸಂಬಳ 15,000 ಫ್ರಾಂಕ್. ಯಾವ ಸಂಸ್ಥೆಗೆ ಎಷ್ಟು, ಕೈದಿಗಳಿಗೆ ಎಷ್ಟು, ಬಡ ಶಾಲಾಮಾಸ್ತರರಿಗೆ ಎಷ್ಟು ಅಂತ ಸಾಲು ಸಾಲು. ಕೊನೆಗೆ ತಮಗೆ 1,000.

ಬೋರಾ? ಆಗಲಿ ಬಿಡಿ. ಆದರೆ ಇಷ್ಟೆಲ್ಲ ಕೊಟ್ಟ ಮನುಷ್ಯ ಒಂದನ್ನು ಮಾತ್ರ ಉಳಿಸಿಕೊಂಡಿರುತ್ತಾನೆ. ಆರು ಜನರ ಊಟಕ್ಕಾಗುವ ಬೆಳ್ಳಿಯ ಚಮಚ-ಫೋರ್ಕು, ಒಂದು ಸೂಪಿನ ಸೌಟು, ದೊಡ್ಡತ್ತೆಯಿಂದ ಬಂದ ಎರಡು ಕ್ಯಾಂಡಲ್ ಸ್ಟ್ಯಾಂಡ್. ಬೆಳ್ಳಿಯಲ್ಲಿ ಊಟ ಮಾಡೋದು ಬಿಡೋಕೆ ನನಗೆ ಕಷ್ಟ ಅಂತ ಅವರೇ ಒಪ್ಪಿಕೊಳ್ಳುತ್ತಾರೆ. ಆ ಒಂದು ಆಸೆಯನ್ನೇ ಕಳ್ಳ ಚೀಲಕ್ಕೆ ಹಾಕಿಕೊಂಡು ಗೋಡೆ ಹಾರುತ್ತಾನೆ. ಪೊಲೀಸರು ಅವನನ್ನು ಹಿಡಿದು ತರುವ ಮೊದಲೇ ಬಿಷಪ್ ಕೆಲಸದಾಕೆಗೆ ಹೇಳಿಬಿಡುತ್ತಾರೆ, ಅದು ಬಡವರದ್ದು, ನಾನೇ ತಪ್ಪಾಗಿ ಇಟ್ಟುಕೊಂಡಿದ್ದೆ ಅಂತ. ಪ್ರಸಂಗದ ಎರಡು ನಿಮಿಷದಲ್ಲಿ ಬದಲಾಗುವವನು ಕಳ್ಳ ಮಾತ್ರ. ಪುಸ್ತಕದಲ್ಲಿ ಬಿಷಪ್ಪರ ಕೊನೆಯ ಆಸೆಯೂ ಹೋಗುತ್ತದೆ. ಆ ಪಟ್ಟಿ ಓದದವನಿಗೆ ಇದು ಹೇಗೆ ಗೊತ್ತಾಗಬೇಕು?

(ಇದೇ ಪುಸ್ತಕವನ್ನು 1864ರಲ್ಲಿ ರೋಮಿನ ಕ್ಯಾಥೊಲಿಕ್ ಸಭೆ ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತ್ತು. ಈಗ ಎಲ್ಲರ ಪ್ರಸಂಗದಲ್ಲೂ ಇದೇ ಉದಾಹರಣೆ. ಇರಲಿ.)

ಈಗ ಹಿರಿಯರ ಮಾತಿಗೆ ಬರೋಣ. ಸತ್ಯವೇದ ಓದೋಕೇ ಟೈಮಿಲ್ಲವಂತೆ. ಅದೇ ಸತ್ಯವೇದದ ಅರಣ್ಯಕಾಂಡ 7ನೇ ಅಧ್ಯಾಯ ಓದಿದ್ದೀರಾ ಅಂಕಲ್? 89 ವಚನ. 12 ಕುಲಗಳ ಮುಖಂಡರು 12 ದಿನ ಕಾಣಿಕೆ ತರುತ್ತಾರೆ. 130 ಶೆಕೆಲ್ ತೂಕದ ಬೆಳ್ಳಿ ತಟ್ಟೆ, 70 ಶೆಕೆಲ್ ತೂಕದ ಬೆಳ್ಳಿ ಬಟ್ಟಲು. ಎಲ್ಲರದ್ದೂ ಒಂದೇ ಕಾಣಿಕೆ. 'ಉಳಿದವರೂ ಹಾಗೇ ತಂದರು' ಅಂತ ಒಂದು ಸಾಲಲ್ಲಿ ಮುಗಿಸಬಹುದಿತ್ತು. ಮುಗಿಸಿಲ್ಲ. ಹನ್ನೆರಡು ಸಲವೂ ಪೂರ್ತಿ ಬರೆದಿದೆ, ಪ್ರತಿಯೊಬ್ಬನ ಹೆಸರು ಹೇಳಿ. ಬೋರಿಗೆ ಹೆದರುವವರು ಅಲ್ಲೂ ಪುಟ ತಿರುಗಿಸುತ್ತಾರೆ. ನಾನು ನೋಡಿದ್ದೇನೆ.

ಇದು ಮೊಬೈಲ್ ತಂದ ರೋಗ ಅಂತಲೂ ಹೇಳಬೇಡಿ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಈ ಬೇಜಾರನ್ನು ಮಧ್ಯಾಹ್ನದ ದೆವ್ವ ಅಂತ ಕರೆದ. ಅದು ಹಿಡಿದವನು ಓದಲು ಕೂತರೆ ಏನು ಮಾಡುತ್ತಾನೆ ಅಂತಲೂ ಬರೆದ. ಆಕಳಿಸುತ್ತಾನೆ, ಕಣ್ಣುಜ್ಜುತ್ತಾನೆ, ಗೋಡೆ ನೋಡುತ್ತಾನೆ, ಇನ್ನೆಷ್ಟು ಹಾಳೆ ಉಳಿದಿದೆ ಅಂತ ಎಣಿಸುತ್ತಾನೆ, ಅಕ್ಷರವೇ ಚೆನ್ನಾಗಿಲ್ಲ ಅಂತ ದೂರುತ್ತಾನೆ, ಕೊನೆಗೆ ಪುಸ್ತಕವನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಹಸಿವಾಗಿ ಎದ್ದುಬಿಡುತ್ತಾನೆ! ಆ ಸನ್ಯಾಸಿ ನಮ್ಮನೆಗೆ ಬಂದು ನನ್ನನ್ನು ನೋಡಿ ಬರೆದ ಹಾಗಿದೆ. ಮದ್ದು ಅಂತ ಆ ಮರುಭೂಮಿಯ ಸನ್ಯಾಸಿಗಳು ಮುಖ್ಯವಾಗಿ ಹೇಳಿದ್ದು ಇದು: ಎದ್ದು ಹೋಗಬೇಡ, ಕೂತಿರು.

ಶಿಫ್ಟ್ ಮುಗಿಸಿ ರಾತ್ರಿ ಮನೆಗೆ ಬರುವವರಿಗೆ ಸಾರಾಂಶವೇ ದೊಡ್ಡದು ಅಂತ ಯಾರಾದರೂ ಕಾಮೆಂಟ್ ಮಾಡುತ್ತೀರಿ. ಒಪ್ಪಿದೆ. ಆದರೆ ನಾನು ಹೇಳಿದ ಆ ಹುಡುಗ ಶಿಫ್ಟಿನವನಲ್ಲ. ಶನಿವಾರ ರಾತ್ರಿ ಇಡೀ ವೆಬ್ ಸೀರೀಸ್ ನೋಡಿ ಆರಾಧನೆಗೆ ಕೆಂಪು ಕಣ್ಣಲ್ಲಿ ಬಂದವನು.

ಬೇಗ ಮುಗಿಯುವ ಕಥೆಗಳು ನಮ್ಮಲ್ಲೂ ಬೇಕಾದಷ್ಟಿವೆ. ಕುಡುಕ ಅಪ್ಪ, ಒಂದು ಕರಪತ್ರ, ಕಣ್ಣೀರು, ದೀಕ್ಷಾಸ್ನಾನ. ನಲವತ್ತು ಪುಟ, ಒಂದು ಕ್ಷಣವೂ ಬೋರಿಲ್ಲ. ಅದರಲ್ಲಿ ಒಬ್ಬ ಕುಡುಕನ ಹೆಸರು ನೆನಪಿದ್ದರೆ ಹೇಳಿ ನೋಡೋಣ.

ಪುಸ್ತಕವನ್ನು ಆ ಹುಡುಗನ ಬ್ಯಾಗಿಗೆ ತುರುಕಿಯೇ ಬಂದಿದ್ದೇನೆ. 14 ಅಧ್ಯಾಯ ಮುಗಿಸಿ ಆಮೇಲೆ ಬೈಯಲಿ, ಕೇಳುತ್ತೇನೆ. ಎರಡನೇ ಭಾಗದ ಶುರುವಿನಲ್ಲಿ ವಾಟರ್ಲೂ ಯುದ್ಧದ 19 ಅಧ್ಯಾಯ ಬರುತ್ತದಲ್ಲ, ಅಲ್ಲಿಗೆ ಬಂದ ಮೇಲೆ ಬೈದರೆ ನಾನೂ ಅವನ ಜೊತೆ ಸೇರಿಕೊಳ್ಳುತ್ತೇನೆ.